ತಳದ ಮುದ್ರೆಗೂ ಮೊದಲು: ಹಳೆಯ ಟೀಪಾಟ್ ಮತ್ತು ಅಲಂಕೃತ ಮನೆಪಾತ್ರೆಗಳನ್ನು ಗುರುತಿಸುವ ಬಗೆ

ಹಳೆಯ ಟೀಪಾಟೊಂದು ಕೈಗೆ ಸಿಕ್ಕ ಕೂಡಲೇ ಅದನ್ನು ಬೋರಲು ಮಾಡಿ ತಳದಲ್ಲಿರುವ ಮುದ್ರೆಯನ್ನು ಹುಡುಕುವುದು ಸಂಗ್ರಾಹಕರಲ್ಲಿ ಬೇರೂರಿರುವ ಅಭ್ಯಾಸವಾಗಿದ್ದು, ಮಾರುವವರು ಕೂಡ ಆ ಮುದ್ರೆಯನ್ನೇ ಮುಂದಿಟ್ಟು ಬೆಲೆ ಹೇಳುತ್ತಾರೆ. ಆದರೆ ಪಾತ್ರೆಯೊಂದು ಹೊತ್ತಿರುವ ಸಾಕ್ಷ್ಯಗಳಲ್ಲೆಲ್ಲ ಅತಿ ಸುಲಭವಾಗಿ ನಕಲು ಮಾಡಬಹುದಾದದ್ದು ಮುದ್ರೆಯೇ. ಯಾವ ಮಣ್ಣಿನಿಂದ ಅಥವಾ ಲೋಹದಿಂದ, ಯಾವ ವಿಧಾನದಲ್ಲಿ, ಯಾವ ಬಳಕೆಗಾಗಿ ಪಾತ್ರೆಯನ್ನು ಮಾಡಲಾಯಿತೆಂಬುದನ್ನು ಅದರ ಗಾತ್ರ, ತೂಕ, ಮೂತಿ, ಹಿಡಿ, ಮುಚ್ಚಳ ಮತ್ತು ಒಳಮೈ ತಿಳಿಸುತ್ತವೆ. ಮುದ್ರೆಯನ್ನು ಇವುಗಳೊಂದಿಗೆ ತಾಳೆ ನೋಡಬೇಕೇ ಹೊರತು ಇವುಗಳಿಗೆ ಬದಲಾಗಿ ನಂಬಬಾರದು. ಹಳೆಯ ಪಾತ್ರೆಗಳನ್ನು ಕೊಳ್ಳುವವರಿಗೂ, ಮನೆಯ ಅಟ್ಟದಲ್ಲಿ ಅಂಥವು ಇರುವವರಿಗೂ ಉಪಯೋಗವಾಗುವಂತೆ, ಚಹಾ ಸಂಸ್ಕೃತಿ ಬೆಳೆದ ಕೆಲವು ನಾಡುಗಳ ಪಾತ್ರೆಗಳನ್ನು ಈ ಕ್ರಮದಲ್ಲಿ ನೋಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಚಹಾ ಕುಡಿಯುವ ರೂಢಿ ಬಹು ಹಳೆಯದಾದರೂ ಟೀಪಾಟ್ ಅಷ್ಟು ಹಳೆಯದಲ್ಲ. ಚೀನಾದ ಸಾಂಗ್ ಅರಸರ ಕಾಲದಲ್ಲಿ ಚಹಾ ಎಲೆಗಳನ್ನು ಬಿಲ್ಲೆಯಾಗಿ ಒತ್ತಿ, ಅದನ್ನು ಪುಡಿಮಾಡಿ, ಬಟ್ಟಲಿನಲ್ಲಿಯೇ ಬಿಸಿನೀರಿನೊಡನೆ ಕಡೆದು ಕುಡಿಯುತ್ತಿದ್ದುದರಿಂದ ಎಲೆಯನ್ನು ನೆನೆಹಾಕುವ ಪಾತ್ರೆಯ ಅಗತ್ಯವೇ ಇರಲಿಲ್ಲ. ಮಿಂಗ್ ವಂಶದ ಮೊದಲ ಚಕ್ರವರ್ತಿ ಹಾಂಗ್‌ವು 1391ರಲ್ಲಿ ಒತ್ತಿದ ಬಿಲ್ಲೆಗಳನ್ನು ಕಾಣಿಕೆಯಾಗಿ ಪಡೆಯುವುದನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಸಲ್ಲಿಸಬೇಕೆಂದು ಆಜ್ಞೆ ಮಾಡಿದ ಮೇಲೆ ಎಲೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಬಸಿಯುವ ಪದ್ಧತಿ ಹರಡಿತು, ಮತ್ತು ಆ ಪದ್ಧತಿಯ ಬೆನ್ನಿಗೇ ಮೂತಿ, ಮುಚ್ಚಳ, ಹಿಡಿಗಳುಳ್ಳ ಪುಟ್ಟ ಪಾತ್ರೆ ಹುಟ್ಟಿಕೊಂಡಿತು. ಜಿಯಾಂಗ್ಸು ಪ್ರಾಂತ್ಯದ ಯಿಶಿಂಗ್ ಪಟ್ಟಣ ಈ ಪಾತ್ರೆಯ ತವರು. ನಾನ್‌ಜಿಂಗ್ ಬಳಿ 1533ರ ಸಮಾಧಿಯೊಂದರಲ್ಲಿ ದೊರೆತ, ಮೇಲ್ಗಡೆ ಕಮಾನಿನಂತೆ ಬಾಗಿದ ಹಿಡಿಯುಳ್ಳ ಪಾತ್ರೆಯೇ ಕಾಲವನ್ನು ಖಚಿತವಾಗಿ ಹೇಳಬಹುದಾದ ಯಿಶಿಂಗ್ ಪಾತ್ರೆಗಳಲ್ಲಿ ಅತಿ ಹಳೆಯದು.

ಯಿಶಿಂಗ್ ಪಾತ್ರೆಗೆ ಬಳಸುವ, ‘ಝಿಶಾ’ ಎಂದು ಕರೆಯಲಾಗುವ ನೇರಳೆಗಂದು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಇದಕ್ಕೆ ಗಾಜಿನಂಥ ಮೆರುಗುಲೇಪವನ್ನು ಹಚ್ಚುವುದಿಲ್ಲವಾದ್ದರಿಂದ ಸೂಕ್ಷ್ಮ ರಂಧ್ರಗಳುಳ್ಳ ಮೈ ಚಹಾದ ಘಮವನ್ನು ಹೀರಿಕೊಳ್ಳುತ್ತದೆ, ಆ ಕಾರಣಕ್ಕಾಗಿಯೇ ಬಲ್ಲವರು ಒಂದು ಪಾತ್ರೆಯಲ್ಲಿ ಒಂದೇ ಬಗೆಯ ಚಹಾ ಮಾಡುತ್ತಾರೆ ಮತ್ತು ಅದಕ್ಕೆ ಸೋಪು ತಾಗಿಸುವುದಿಲ್ಲ. ಸಾಂಪ್ರದಾಯಿಕ ಪಾತ್ರೆಯನ್ನು ಕುಂಬಾರನ ಚಕ್ರದ ಮೇಲೆ ತಿರುಗಿಸಿ ಮಾಡುವುದಿಲ್ಲ. ಮಣ್ಣನ್ನು ಬಡಿದು ಹಾಳೆಯಾಗಿಸಿ, ಕೊಳವೆಯಂತೆ ಸುತ್ತಿ ಅಂಚುಗಳನ್ನು ಜೋಡಿಸಿ, ಮರದ ಹಲಗೆಯಿಂದ ತಟ್ಟಿ ಗುಂಡಗಾಗಿಸುತ್ತಾರೆ. ಹೀಗಾಗಿ ಒಳಗೆ ದೀಪ ಹಿಡಿದು ನೋಡಿದಾಗ ಹಿಡಿಯ ಹಿಂಬದಿಯಲ್ಲಿ ಜೋಡಣೆಯ ಗೆರೆ ಕಾಣಿಸಿದರೆ ಅದು ಕೈಕೆಲಸದ ಲಕ್ಷಣ, ಸುರುಳಿ ಸುರುಳಿಯಾದ ಗೆರೆಗಳು ಕಾಣಿಸಿದರೆ ಅದು ಚಕ್ರದ ಮೇಲೆ ತ್ವರಿತವಾಗಿ ಮಾಡಿದ ಮಾಲು. ಮೂತಿಯ ಬುಡವೂ ಕಾಲವನ್ನು ಹೇಳುತ್ತದೆ: ಹಳೆಯ ಪಾತ್ರೆಗಳಲ್ಲಿ ಅಲ್ಲಿ ಒಂದೇ ತೂತು ಇರುತ್ತಿತ್ತು, ಅನಂತರ ಜರಡಿಯಂತೆ ಹಲವು ತೂತುಗಳು ಬಂದವು, ಒಳಕ್ಕೆ ಉಬ್ಬಿದ ಗೋಲಾಕಾರದ ಜರಡಿ ಕಾಣಿಸಿಕೊಂಡದ್ದು ಸುಮಾರು 1970ರ ದಶಕದಿಂದ ಈಚೆಗೆ. ಗೋಲ ಜರಡಿಯುಳ್ಳ ಪಾತ್ರೆಯ ತಳದಲ್ಲಿ ಮಿಂಗ್ ಕಾಲದ ಕುಶಲಿಯ ಹೆಸರಿದ್ದರೆ ಮುಂದೆ ವಿಚಾರಿಸುವ ಅಗತ್ಯವಿಲ್ಲ.

ಮುದ್ರೆಯ ಮೋಹ ಇಲ್ಲಿ ವಿಶೇಷವಾಗಿ ಅಪಾಯಕಾರಿಯಾಗಲು ಕಾರಣ ಹಣ. 20ನೆಯ ಶತಮಾನದ ಯಿಶಿಂಗ್ ಕಲಾವಿದ ಗು ಜಿಂಗ್‌ಝೌ ಮಾಡಿದ ಪಾತ್ರೆಯೊಂದು 2010ರಲ್ಲಿ ಬೀಜಿಂಗ್‌ನ ಹರಾಜಿನಲ್ಲಿ 1.2 ಕೋಟಿ ಯುವಾನ್‌ಗಿಂತ ಹೆಚ್ಚಿನ ಬೆಲೆಗೆ ಹೋಯಿತು. ಅಂಥ ಬೆಲೆ ಬರುವಲ್ಲಿ ಕಲಾವಿದನ ಮೊಹರನ್ನು ಕೆತ್ತಿಸಿಕೊಳ್ಳುವುದು ನಕಲಿಗನಿಗೆ ಕಷ್ಟದ ಕೆಲಸವಲ್ಲ. ಮುಚ್ಚಳವನ್ನು ಬಾಯಿಗೆ ಸಂದಿಲ್ಲದಂತೆ ಕೂರಿಸುವುದು ನಿಜವಾಗಿ ಕಷ್ಟ. ಪಾತ್ರೆಗೆ ನೀರು ತುಂಬಿ, ಮುಚ್ಚಳದ ಮೇಲಿನ ಗಾಳಿಕಿಂಡಿಯನ್ನು ಬೆರಳಿನಿಂದ ಒತ್ತಿ ಬಗ್ಗಿಸಿದಾಗ ನೀರಿನ ಧಾರೆ ನಿಂತರೆ ಮುಚ್ಚಳ ಸರಿಯಾಗಿ ಕೂತಿದೆಯೆಂದೂ, ಅದು ಆ ಪಾತ್ರೆಗೆಂದೇ ಮಾಡಿದ್ದೆಂದೂ ಬಹುಮಟ್ಟಿಗೆ ಹೇಳಬಹುದು. ಮಾರುವವರು ಒಪ್ಪಿದರೆ ಮಾತ್ರ ಈ ಪರೀಕ್ಷೆ ಮಾಡಬೇಕೆಂಬುದು ಬೇರೆ ಮಾತು.

ಪಿಂಗಾಣಿಯ ಕಥೆ ಇದಕ್ಕೆ ಹೊಂದಿಕೊಂಡೇ ಬೆಳೆದರೂ ಅದರ ಮಣ್ಣು ಬೇರೆ. ಕೇವೋಲಿನ್ ಎಂಬ ಬಿಳಿ ಜೇಡಿಮಣ್ಣನ್ನು ಒಂದು ಬಗೆಯ ಶಿಲಾಪುಡಿಯೊಡನೆ ಬೆರೆಸಿ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟಾಗ ಅದು ಗಾಜಿನಂತೆ ಕೂಡಿಕೊಂಡು, ತೆಳುವಾದ ಕಡೆ ಬೆಳಕನ್ನು ಹಾಯಿಸುವ ಗಟ್ಟಿ ಪಿಂಗಾಣಿಯಾಗುತ್ತದೆ. ಚೀನಾದ ಜಿಂಗ್‌ದೆಝೆನ್ ಪಟ್ಟಣ ಶತಮಾನಗಳ ಕಾಲ ಇದರ ಕೇಂದ್ರವಾಗಿತ್ತು. ಅಲ್ಲಿಯ ಪಾತ್ರೆಗಳ ತಳದಲ್ಲಿ ಚಕ್ರವರ್ತಿಯ ಆಳ್ವಿಕೆಯ ಹೆಸರನ್ನು ನಾಲ್ಕು ಅಥವಾ ಆರು ಅಕ್ಷರಗಳಲ್ಲಿ ಬರೆಯುವ ಪದ್ಧತಿಯಿದ್ದರೂ, ಕಾಂಗ್‌ಶಿ ಚಕ್ರವರ್ತಿಯ ಕಾಲದ (1662–1722) ಕುಂಬಾರರು ತಮಗಿಂತ ಎರಡು ಶತಮಾನ ಹಿಂದಿನ ಚೆಂಗ್‌ಹುವಾ ಆಳ್ವಿಕೆಯ (1465–1487) ಹೆಸರನ್ನು ಧಾರಾಳವಾಗಿ ಬರೆದರು. ಹಿಂದಿನವರ ಕೆಲಸಕ್ಕೆ ತೋರಿದ ಗೌರವವೆಂದು ಇದನ್ನು ವಿದ್ವಾಂಸರು ಅರ್ಥೈಸುತ್ತಾರೆ. ಇಂದು ಅದೇ ಹೆಸರುಳ್ಳ ಪಾತ್ರೆಗಳು ಪ್ರವಾಸಿ ಅಂಗಡಿಗಳಲ್ಲಿಯೂ ಸಿಗುತ್ತವೆ, ಅಲ್ಲಿ ಗೌರವದ ಪ್ರಶ್ನೆಯಿಲ್ಲ.

17ನೆಯ ಶತಮಾನದಲ್ಲಿ ಡಚ್ ಹಡಗುಗಳು ಚಹಾದೊಡನೆ ಯಿಶಿಂಗ್ ಪಾತ್ರೆಗಳನ್ನೂ ಯೂರೋಪಿಗೆ ಒಯ್ದಾಗ, ಕುದಿನೀರು ಸುರಿದರೂ ಬಿರಿಯದ ಆ ಕೆಂಪು ಪಾತ್ರೆಗಳನ್ನು ಡೆಲ್ಫ್ಟ್ ಪಟ್ಟಣದ ಆರಿ ದ ಮಿಲ್ದೆ, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ನೆಲಸಿದ ಎಲರ್ಸ್ ಸೋದರರು ಮೊದಲಾದವರು ಅನುಕರಿಸಿದರು. ಕೀಳು ಲೋಹವನ್ನು ಚಿನ್ನ ಮಾಡಬಲ್ಲೆನೆಂದು ಹೇಳಿಕೊಂಡು ಸ್ಯಾಕ್ಸನಿಯ ಅರಸ ಆಗಸ್ಟಸ್‌ನ ಸೆರೆಯಲ್ಲಿ ಸಿಕ್ಕಿಬಿದ್ದ ಯೋಹಾನ್ ಫ್ರೀಡ್ರಿಖ್ ಬಾಟ್ಗರ್ ಮೊದಲು ಅಂಥದೇ ಕೆಂಪು ಪಾತ್ರೆಯನ್ನೂ ಆ ಬಳಿಕ 1708ರ ಸುಮಾರಿಗೆ ಬಿಳಿಯ ಗಟ್ಟಿ ಪಿಂಗಾಣಿಯನ್ನೂ ಸಾಧಿಸಿದ್ದರಿಂದ 1710ರಲ್ಲಿ ಮೈಸೆನ್ ಕಾರ್ಖಾನೆ ಸ್ಥಾಪನೆಯಾಯಿತು. ಚಿನ್ನ ಆಗಲಿಲ್ಲವಾದರೂ ಅರಸನಿಗೆ ನಷ್ಟವಾಗಲಿಲ್ಲ. 1720ರ ದಶಕದಿಂದ ಬಳಕೆಗೆ ಬಂದ ಮೈಸೆನ್‌ನ ನೀಲಿ ಜೋಡಿಕತ್ತಿಯ ಗುರುತು ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಪಿಂಗಾಣಿ ಗುರುತುಗಳಲ್ಲೊಂದು.

ಭಾರತದ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಚೀನೀ ಅಥವಾ ಜರ್ಮನ್ ಪಿಂಗಾಣಿಗಿಂತ ಇಂಗ್ಲಿಷ್ ಸೆಟ್‌ಗಳಾದ್ದರಿಂದ ಅವುಗಳ ಕಾಲವನ್ನು ಅಂದಾಜು ಮಾಡುವ ಕೆಲವು ಆಧಾರಗಳನ್ನು ತಿಳಿದಿರುವುದು ಒಳ್ಳೆಯದು. ಮೊದಲನೆಯದು ಗಾತ್ರ. ಚಹಾ ದುಬಾರಿಯಾಗಿದ್ದ, ಅದನ್ನು ಬೀಗವಿರುವ ಪೆಟ್ಟಿಗೆಯಲ್ಲಿಡುತ್ತಿದ್ದ ಕಾಲದ ಟೀಪಾಟ್‌ಗಳು ಚಿಕ್ಕವು. ಬ್ರಿಟಿಷ್ ಸರ್ಕಾರ 1784ರಲ್ಲಿ ಚಹಾ ಮೇಲಿನ ಸುಂಕವನ್ನು ಶೇ. 119ರಿಂದ ಶೇ. 12.5ಕ್ಕೆ ಇಳಿಸಿದ ಮೇಲೆ ಚಹಾ ಸಾಮಾನ್ಯರ ಮನೆಗೂ ಬಂದು ಪಾತ್ರೆಗಳು ದೊಡ್ಡವಾದವು. ಎರಡನೆಯದು ಮೈ. ದನದ ಎಲುಬಿನ ಬೂದಿಯನ್ನು ಅರ್ಧದಷ್ಟು ಬೆರೆಸಿ ಮಾಡುವ ಬೋನ್ ಚೈನಾ 18ನೆಯ ಶತಮಾನದ ಕೊನೆಯಲ್ಲಿ ಸ್ಪೋಡ್ ಕಾರ್ಖಾನೆಯಿಂದ ಪ್ರಚಾರಕ್ಕೆ ಬಂದದ್ದು. ದೀಪಕ್ಕೆ ಅಡ್ಡ ಹಿಡಿದರೆ ಬೆರಳಿನ ನೆರಳು ಕಾಣುವಷ್ಟು ಅದು ಪಾರಭಾಸಕವಾಗಿರುತ್ತದೆ. ಜೊಸಾಯಾ ವೆಜ್‌ವುಡ್‌ನ ಕೆನೆಬಣ್ಣದ ಪಾತ್ರೆಯೂ 1774ರ ಸುಮಾರಿಗೆ ಸಿದ್ಧವಾದ, ತಿಳಿನೀಲಿ ಮೈಮೇಲೆ ಬಿಳಿಯ ಉಬ್ಬುಚಿತ್ರಗಳಿರುವ ‘ಜಾಸ್ಪರ್’ ಪಾತ್ರೆಯೂ ಬೋನ್ ಚೈನಾ ಅಲ್ಲ. ಮೂರನೆಯದು ತಳದ ಬರಹ. ಆಮದಾಗುವ ಸರಕಿನ ಮೇಲೆ ಮೂಲದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರ ಕಾಯ್ದೆಯಲ್ಲಿ ವಿಧಿಸಿದ ಮೇಲೆ ‘ಇಂಗ್ಲೆಂಡ್’ ಎಂಬ ಹೆಸರು ಮುದ್ರೆಯಲ್ಲಿ ಸಾಮಾನ್ಯವಾಯಿತು. ‘ಮೇಡ್ ಇನ್ ಇಂಗ್ಲೆಂಡ್’ ಅಥವಾ ‘ಬೋನ್ ಚೈನಾ’ ಎಂದು ಅಚ್ಚಾಗಿದ್ದರೆ ಪಾತ್ರೆ ಬಹುತೇಕ 20ನೆಯ ಶತಮಾನದ್ದು. ಅಂಥ ಪಾತ್ರೆಯನ್ನು ಟಿಪ್ಪು ಸುಲ್ತಾನನ ಕಾಲದ್ದೆಂದು ಹೇಳುವ ಮಾರಾಟಗಾರನ ಮಾತಿಗೆ ನಕ್ಕು ಮುಂದೆ ಹೋಗಬಹುದು.

ಬೆಳ್ಳಿಯ ವಿಷಯದಲ್ಲಿ ಮಾತ್ರ ಮುದ್ರೆಗೆ ತಕ್ಕಮಟ್ಟಿನ ಗೌರವ ಸಲ್ಲಬೇಕು, ಏಕೆಂದರೆ ಇಂಗ್ಲೆಂಡಿನಲ್ಲಿ ಅದು ಕಾನೂನಿನ ಬೆಂಬಲವುಳ್ಳ ಪರೀಕ್ಷೆಯ ಗುರುತು. ನಡೆಯುತ್ತಿರುವ ಸಿಂಹ ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿಯನ್ನು ಸೂಚಿಸುತ್ತದೆ. ಅದರೊಡನೆ ಪರೀಕ್ಷೆ ನಡೆದ ಊರಿನ ಚಿಹ್ನೆ (ಲಂಡನ್‌ಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮ್‌ಗೆ ಲಂಗರು), ವರ್ಷವನ್ನು ತಿಳಿಸುವ ಅಕ್ಷರ ಮತ್ತು ಅಕ್ಕಸಾಲಿಗನ ಹೆಸರಿನ ಮೊದಲಕ್ಷರಗಳು ಇರುತ್ತವೆ. 1784ರಿಂದ 1890ರವರೆಗೆ ತೆರಿಗೆ ಸಂದಾಯವಾದುದರ ಗುರುತಾಗಿ ಅರಸನ ಅಥವಾ ರಾಣಿಯ ತಲೆಯನ್ನೂ ಒತ್ತುತ್ತಿದ್ದರು. ಇಂಗ್ಲೆಂಡಿನ ಅತಿ ಹಳೆಯ ಬೆಳ್ಳಿ ಟೀಪಾಟ್ 1670ರದ್ದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಈ ಪಾತ್ರೆಯನ್ನು ಬರ್ಕ್ಲಿ ಪ್ರಭು ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟದ್ದೆಂದು ಅದರ ಮೇಲೆಯೇ ಕೆತ್ತಲಾಗಿದ್ದು, ಆ ಬರಹ ಇಲ್ಲದಿದ್ದರೆ ನೆಟ್ಟಗೆ ಎತ್ತರವಾಗಿರುವ ಅದನ್ನು ಯಾರಾದರೂ ಕಾಫಿ ಪಾತ್ರೆಯೆಂದೇ ತಿಳಿಯುತ್ತಿದ್ದರು.

ಬೆಳ್ಳಿಯಂತೆ ಕಾಣುವುದೆಲ್ಲ ಬೆಳ್ಳಿಯಲ್ಲ. ಶೆಫೀಲ್ಡ್‌ನ ಥಾಮಸ್ ಬೌಲ್ಸೋವರ್ 1743ರ ಸುಮಾರಿಗೆ ತಾಮ್ರದ ಗಟ್ಟಿಯ ಮೇಲೆ ಬೆಳ್ಳಿಯ ತಗಡನ್ನು ಶಾಖದಿಂದ ಬೆಸೆದು, ಎರಡನ್ನೂ ಒಟ್ಟಿಗೆ ತಟ್ಟಿ ಹಾಳೆಯಾಗಿಸುವ ವಿಧಾನ ಕಂಡುಹಿಡಿದ. 1840ರಲ್ಲಿ ಎಲ್ಕಿಂಗ್ಟನ್ ಕಂಪನಿ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಹಳೆಯ ವಿಧಾನ ಮೂಲೆಗುಂಪಾಯಿತು. ಶೆಫೀಲ್ಡ್ ಪಾತ್ರೆಯ ಅಂಚುಗಳಲ್ಲಿ ಸವೆದ ಬೆಳ್ಳಿಯಡಿಯಿಂದ ತಾಮ್ರದ ಕೆಂಪು ಇಣುಕುವುದು ಅದರ ಪ್ರಾಚೀನತೆಗೆ ಒಳ್ಳೆಯ ಸಾಕ್ಷಿಯೇ ಆಗಿದ್ದು, ಅದಕ್ಕೆ ಹೊಸದಾಗಿ ಬೆಳ್ಳಿ ಲೇಪಿಸಿದರೆ ಸಂಗ್ರಾಹಕನ ದೃಷ್ಟಿಯಲ್ಲಿ ಬೆಲೆ ಬೀಳುತ್ತದೆ. ‘ಇಪಿಎನ್‌ಎಸ್’ ಎಂಬ ಅಕ್ಷರಗಳಿದ್ದರೆ ಅದು ತಾಮ್ರ, ಸತು, ನಿಕ್ಕಲ್ ಬೆರೆತ ಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ್ದು. ಈ ಮಿಶ್ರಲೋಹವನ್ನು ನಮ್ಮಲ್ಲಿ ಜರ್ಮನ್ ಸಿಲ್ವರ್ ಎನ್ನುತ್ತಾರೆ, ಅದರಲ್ಲಿ ಬೆಳ್ಳಿ ಸ್ವಲ್ಪವೂ ಇಲ್ಲ. ವಸಾಹತು ಕಾಲದ ಭಾರತೀಯ ಬೆಳ್ಳಿ ಕೆಲಸಕ್ಕೆ ಇಂಗ್ಲೆಂಡಿನಂಥ ಕಡ್ಡಾಯ ಮುದ್ರೆಯ ವ್ಯವಸ್ಥೆ ಇರಲಿಲ್ಲವಾದ್ದರಿಂದ ಅಲ್ಲಿ ಶೈಲಿಯೇ ಗುರುತು: ಬಳ್ಳಿ, ಪ್ರಾಣಿಗಳ ದಟ್ಟ ಕೆತ್ತನೆಗೆ ಹೆಸರಾದ ಕಛ್‌ನ ಕೆಲಸ, ಅದರಲ್ಲೂ ಭುಜ್‌ನ ಊಮರ್ಸಿ ಮಾವ್ಜಿಯ ಟೀಪಾಟ್‌ಗಳು ಮತ್ತು ಮೈತುಂಬ ದೇವತಾಮೂರ್ತಿಗಳಿರುವ ಮದ್ರಾಸಿನ ‘ಸ್ವಾಮಿ’ ಶೈಲಿಯ ಚಹಾ ಸೆಟ್‌ಗಳು ಪ್ರಸಿದ್ಧ. ಬೆಳ್ಳಿ ಟೀಪಾಟಿನ ಹಿಡಿ ಸುಡದಿರಲೆಂದು ನಡುವೆ ಆನೆದಂತದ ಬಿಲ್ಲೆಗಳನ್ನು ಕೂರಿಸುವುದಿತ್ತು. ದಂತದ ವ್ಯಾಪಾರ ಭಾರತದಲ್ಲಿ ಅಪರಾಧವಾದ್ದರಿಂದ ಕೊಳ್ಳುವ ಮೊದಲು ಹಿಡಿಯನ್ನೂ ಪರೀಕ್ಷಿಸಬೇಕು.

ಚಹಾಕ್ಕೆ ಬೇಕಾದ ಬಿಸಿನೀರನ್ನು ಹೊತ್ತುಗಟ್ಟಲೆ ಬಿಸಿಯಾಗಿಯೇ ಇಡುವ ಸಮಸ್ಯೆಗೆ ರಷ್ಯನ್ನರು ಕಂಡುಕೊಂಡ ಉತ್ತರ ಸಮೋವರ್. ಇದರ ನಟ್ಟನಡುವೆ ಕೆಂಡ ತುಂಬುವ ಕೊಳವೆ, ಅದರ ಸುತ್ತ ನೀರು, ಕೆಳಗೆ ನಲ್ಲಿ, ಮೇಲೆ ಗಾಢ ಡಿಕಾಕ್ಷನ್ ಇರುವ ಪುಟ್ಟ ಟೀಪಾಟ್ ಕೂರಿಸುವ ಜಾಗ. 1778ರಲ್ಲಿ ಲಿಸಿತ್ಸಿನ್ ಸೋದರರು ಕಾರ್ಯಾಗಾರ ತೆರೆದ ತೂಲಾ ನಗರ ಇದರ ರಾಜಧಾನಿಯಾಯಿತು. ತೂಲಾದ ತಯಾರಕರು ವಸ್ತುಪ್ರದರ್ಶನಗಳಲ್ಲಿ ಗೆದ್ದ ಪದಕಗಳ ಅಚ್ಚನ್ನು ಸಮೋವರ್‌ನ ಮೈಮೇಲೆ ಒತ್ತುತ್ತಿದ್ದುದರಿಂದ ಕೊನೆಯ ಪದಕದ ವರ್ಷಕ್ಕಿಂತ ಪಾತ್ರೆ ಹಳೆಯದಾಗಿರಲಾರದು. ಕಾಶ್ಮೀರದ ಸಮೋವರ್ ರಚನೆಯಲ್ಲಿ ಇದರ ಸೋದರನಾದರೂ ಬಳಕೆಯಲ್ಲಿ ಭಿನ್ನ: ರಷ್ಯನ್ ಪಾತ್ರೆಯಲ್ಲಿ ಬರಿಯ ನೀರು ಕಾಯುತ್ತದೆ, ಕಾಶ್ಮೀರದ ತಾಮ್ರದ ಪಾತ್ರೆಯಲ್ಲಿ ಎಲೆ ಹಾಕಿದ ಚಹಾವೇ ಕುದಿಯುತ್ತದೆ, ಆದ್ದರಿಂದಲೇ ಅದರ ಒಳಮೈಗೆ ಕಲಾಯಿ, ಅಂದರೆ ತವರದ ತೆಳುಲೇಪ, ಕಡ್ಡಾಯ. ಎರಡರಲ್ಲಿ ಯಾವುದನ್ನೇ ಆಗಲಿ ನೀರಿಲ್ಲದೆ ಕೆಂಡ ತುಂಬಿದರೆ ಬೆಸುಗೆ ಕರಗಿ ಪಾತ್ರೆ ಕೈಕೊಡುತ್ತದೆ.

ಜಪಾನಿನ ಎರಕದ ಕಬ್ಬಿಣದ ‘ತೆತ್ಸುಬಿನ್’ ಟೀಪಾಟ್ ಅಲ್ಲ, ನೀರು ಕಾಯಿಸುವ ಕೆಟಲ್. ಇವಾತೆ ಪ್ರಾಂತ್ಯದ ಮೊರಿಯೊಕಾ ಇದರ ಹೆಸರಾಂತ ಕೇಂದ್ರ. ಒಳಗೆ ಎನಾಮಲ್ ಲೇಪವಿದ್ದರೆ ಅದು ಚಹಾ ನೆನೆಹಾಕಲು ಈಚೆಗೆ ಮಾಡಿದ ಪಾತ್ರೆ, ಅದನ್ನು ಒಲೆಯ ಮೇಲಿಡಬಾರದು.

ಚಹಾದಿಂದ ಆಚೆಗೆ ಬಂದರೆ ಕರ್ನಾಟಕದ ಬೀದರಿನ ಕುಸುರಿ ಕೆಲಸ ಅಲಂಕೃತ ಮನೆಪಾತ್ರೆಗಳ ಸಾಲಿನಲ್ಲಿ ಮೇಲಿನ ಸ್ಥಾನಕ್ಕೆ ಅರ್ಹವಾದದ್ದು. ಹೂಜಿ, ಹುಕ್ಕಾದ ಬುಡ, ಪೀಕದಾನಿ, ತಾಂಬೂಲದ ಡಬ್ಬಿ ಮುಂತಾದ ಬಿದ್ರಿ ವಸ್ತುಗಳನ್ನು ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆತ ಲೋಹದಿಂದ ಎರಕ ಹೊಯ್ದು, ಮೈಲುತುತ್ತದ ದ್ರಾವಣದಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಆ ಕಪ್ಪಿನ ಮೇಲೆ ಚಿತ್ರ ಗೀರಿ, ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕೊನೆಯಲ್ಲಿ ಪಾತ್ರೆಯನ್ನು ಉಜ್ಜಿ ನಯಗೊಳಿಸಿ, ಬಿಸಿ ಮಾಡಿ, ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಳಿದಾಗ ಸತುವಿನ ಮೈ ಶಾಶ್ವತವಾಗಿ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಹಳೆಯ ಬಿದ್ರಿಯಲ್ಲಿ ಬೆಳ್ಳಿಯ ತಗಡು ದಪ್ಪ, ಕೈಗೆ ಸಿಗುವ ತೂಕವೂ ಹೆಚ್ಚು; ಕೂರಿಸಿದ ಬೆಳ್ಳಿಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ ಕೊರೆದ ಗೆರೆಯಲ್ಲಿ ಲೋಹ ಇಳಿದಿರುವುದು ಕಾಣಬೇಕು. ಬೆಳ್ಳಿಬಣ್ಣ ಬಳಿದು ಕಪ್ಪು ಪೇಂಟ್ ಹಚ್ಚಿದ ನಕಲಿಯಲ್ಲಿ ಅಂಚು ಮಸುಕಾಗಿರುತ್ತದೆ, ಉಗುರಿಗೆ ಏಳುತ್ತದೆ. ಬಿದ್ರಿಯ ಕಪ್ಪು ಮೇಲ್ಮೈಯಲ್ಲಷ್ಟೇ ಇರುವುದರಿಂದ ಹುಣಸೆಹಣ್ಣು, ನಿಂಬೆಹಣ್ಣು ತಾಗಿದರೆ ಅದು ಕಳೆದುಹೋಗುತ್ತದೆ. ಒಣಬಟ್ಟೆಯಿಂದ ಒರೆಸಿ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಒಡಕು ಮತ್ತು ರಿಪೇರಿಯ ಬಗ್ಗೆ ನಾಡಿನಿಂದ ನಾಡಿಗೆ ನಿಲುವು ಬೇರೆ. ಜಪಾನಿನಲ್ಲಿ ಒಡೆದ ಪಾತ್ರೆಯನ್ನು ಅರಗಿನಂಥ ಮರದ ಅಂಟಿನಿಂದ ಜೋಡಿಸಿ ಅದರ ಮೇಲೆ ಚಿನ್ನದ ಪುಡಿ ಉದುರಿಸುವ ‘ಕಿಂತ್ಸುಗಿ’ ಪದ್ಧತಿ ಒಡಕನ್ನು ಎದ್ದು ತೋರಿಸುತ್ತದೆ. ಚೀನಾ ಮತ್ತು ಯೂರೋಪುಗಳಲ್ಲಿ ಒಡೆದ ಚೂರುಗಳಿಗೆ ತೂತು ಕೊರೆದು ಲೋಹದ ಕೊಂಡಿಗಳಿಂದ ಹೊಲಿಯುತ್ತಿದ್ದರು. ಇಂಥ ಹಳೆಯ ರಿಪೇರಿ ಪಾತ್ರೆಯ ಬಾಳಿಕೆಯ ದಾಖಲೆ. ಮರೆಮಾಚಿದ ಹೊಸ ರಿಪೇರಿ ಮಾತ್ರ ಮೋಸ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಸರಿಯಾದ ಪಿಂಗಾಣಿ ಟಣ್ಣೆನ್ನುತ್ತದೆ, ಕೂದಲೆಳೆ ಬಿರುಕಿದ್ದರೂ ಸ್ವರ ಮಂಕಾಗುತ್ತದೆ. ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಹಿಡಿದರೆ ಈಚಿನ ಅಂಟು ಮತ್ತು ಬಣ್ಣ ಬೇರೆಯಾಗಿ ಹೊಳೆಯುತ್ತವೆ. ಊನವಾದ ಪಾತ್ರೆಯೆಲ್ಲ ಕೈಬಿಡಬೇಕಾದದ್ದೂ ಅಲ್ಲ. ಇಂಗ್ಲೆಂಡಿನಲ್ಲಿ 15 ಪೌಂಡಿಗೆ ಕೊಂಡ, ಮುಚ್ಚಳವಿಲ್ಲದ, ಹಿಡಿ ಮುರಿದು ಜೋಡಿಸಿದ್ದ ನೀಲಿ–ಬಿಳಿ ಟೀಪಾಟೊಂದು 1760ರ ದಶಕದಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಜಾನ್ ಬಾರ್ಟ್ಲಮ್ ಮಾಡಿದ ಪಿಂಗಾಣಿಯೆಂದು ತಜ್ಞರು ಗುರುತಿಸಿದ ಮೇಲೆ 2018ರಲ್ಲಿ 5,75,000 ಪೌಂಡಿಗೆ ಮಾರಾಟವಾಗಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿತು.

ಹಳೆಯ ಪಾತ್ರೆಯಲ್ಲಿ ಚಹಾ ಕುಡಿಯುವ ಆಸೆಯಿರುವವರು ಎಚ್ಚರ ವಹಿಸಬೇಕಾದ ಸಂಗತಿ ಸೀಸ. ಹಿಂದಿನ ಮಣ್ಣಿನ ಪಾತ್ರೆಗಳ ಮೆರುಗುಲೇಪದಲ್ಲಿ ಸೀಸ ಸಾಮಾನ್ಯವಾಗಿತ್ತು, ತವರದ ಹಳೆಯ ಮಿಶ್ರಲೋಹದ ಪಾತ್ರೆಗಳಲ್ಲೂ ಅದು ಇರುತ್ತಿತ್ತು. ಮೆರುಗಿನ ಮೇಲೆ ಜೇಡರಬಲೆಯಂಥ ಬಿರುಕುಗಳೆದ್ದ ಪಾತ್ರೆಯನ್ನು ನೋಡಲಷ್ಟೇ ಇಟ್ಟುಕೊಳ್ಳುವುದು ಲೇಸು. ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಕಲಾಯಿ ಸವೆದಿದ್ದರೆ ಹುಳಿ ಪದಾರ್ಥ ಹಾಕಬಾರದೆಂಬುದು ಕನ್ನಡದ ಮನೆಗಳಿಗೆ ಹೊಸ ಮಾತಲ್ಲ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಬಿಟ್ಟರೆ ಲೇಪ ಹಾಳಾಗುತ್ತದೆ. ಶುಚಿಗೊಳಿಸುವಾಗ ಹಬ್ಬಕ್ಕೆ ಪಾತ್ರೆ ಬೆಳಗುವ ಉತ್ಸಾಹವನ್ನು ತಡೆದುಕೊಳ್ಳಬೇಕು: ಹಿತ್ತಾಳೆ, ಕಂಚಿನ ಮೇಲೆ ದಶಕಗಳಿಂದ ಕೂತ ಕಂದುಬಣ್ಣ ಕೊಳೆಯಲ್ಲ, ಅದು ಲೋಹದ ವಯಸ್ಸಿನ ಸಾಕ್ಷಿ; ಹಸಿರು ಕಿಲುಬನ್ನು ಮಾತ್ರ ತೆಗೆಯಬೇಕು. ಬೆಳ್ಳಿ ಗಾಳಿಯಲ್ಲಿನ ಗಂಧಕದ ಅಂಶದಿಂದ ಕಪ್ಪಾಗುವುದರಿಂದ ಅದನ್ನು ರಬ್ಬರ್ ಬ್ಯಾಂಡ್, ಉಣ್ಣೆಬಟ್ಟೆಗಳ ಸಂಪರ್ಕದಲ್ಲಿ ಇಡದೆ ಮೆತ್ತನೆಯ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು.

ಕಾನೂನಿನ ತಿಳಿವಳಿಕೆಯೂ ಅಗತ್ಯ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾದ ಕಲಾವಸ್ತು ಪ್ರಾಚ್ಯವಸ್ತು ಎನಿಸಿಕೊಳ್ಳುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿ ವ್ಯಕ್ತಿಗಳು ಅದನ್ನು ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಊರಿಗೆ ಬಂದಾಗ ಅಜ್ಜಿಯ ಬೆಳ್ಳಿ ಹೂಜಿಯನ್ನೋ ಬಿದ್ರಿ ಡಬ್ಬಿಯನ್ನೋ ಜೊತೆಗೆ ಒಯ್ಯಬಯಸಿದರೆ, ಅದು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆದಿಟ್ಟುಕೊಳ್ಳುವುದು ಸುರಕ್ಷಿತ. ಕೊಳ್ಳುವ ಮುನ್ನ ಕಣ್ಣನ್ನು ಪಳಗಿಸಿಕೊಳ್ಳಲು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಪಿಂಗಾಣಿ ಮತ್ತು ಬಿದ್ರಿ ಸಂಗ್ರಹಗಳು, ಪುಣೆಯ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯದ ಮನೆಬಳಕೆಯ ವಸ್ತುಗಳು, ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ ಮತ್ತು ಅಹಮದಾಬಾದಿನ ಪಾತ್ರೆಗಳಿಗೇ ಮೀಸಲಾದ ವಿಶಾಲಾ ಸಂಗ್ರಹಾಲಯ ಸಹಾಯಕ್ಕೆ ಬರುತ್ತವೆ.

ವಸ್ತುವೊಂದು ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಒಡೆತನದ ಇತಿಹಾಸಕ್ಕೆ ಸಂಗ್ರಾಹಕರ ಲೋಕದಲ್ಲಿ ಮುದ್ರೆಗಿಂತ ಹೆಚ್ಚಿನ ಬೆಲೆಯಿದೆ. ಕರ್ನಾಟಕದ ಮನೆಗಳ ಹಂಡೆ, ಗಿಂಡಿ, ಚೊಂಬುಗಳಲ್ಲಿ ಈ ಇತಿಹಾಸ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು, ಊರು, ಕೆಲವೊಮ್ಮೆ ಮದುವೆಯ ತೇದಿಯ ರೂಪದಲ್ಲಿ ಪಾತ್ರೆಯ ಮೈಮೇಲೆಯೇ ಇರುತ್ತದೆ. ಅಂಥವನ್ನು ತೂಕಕ್ಕೆ ಹಾಕಿ ಹೊಸ ಸ್ಟೀಲ್ ಪಾತ್ರೆ ತರುವ ಮೊದಲು ಆ ಬರಹದ ಫೋಟೋ ತೆಗೆದು, ಹೆಸರು ಯಾರದೆಂದು ಮನೆಯ ಹಿರಿಯರಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕು, ಸಾಧ್ಯವಾದರೆ ಪಾತ್ರೆಯನ್ನೂ ಉಳಿಸಿಕೊಳ್ಳಬೇಕು. ಗುಜರಿ ಅಂಗಡಿಯವರು ಕೊಡುವುದು ಲೋಹದ ತೂಕದ ಬೆಲೆಯನ್ನು ಮಾತ್ರ.